ಹೊಳೆಯಿಂದ ತೆಗೆದ ಬಟ್ಟೆಯನ್ನು ಎಲ್ಲಿಗೆ ಒಯ್ಯಬೇಕು? ಮಂಡ್ಯ ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಂಡ್ಯ ಜಿಲ್ಲೆ, ಮಂಡ್ಯ.

ವಿಷಯ: ಶ್ರೀರಂಗಪಟ್ಟಣದ ಸ್ನಾನಘಟ್ಟಗಳಲ್ಲಿ ಸ್ವಯಂಸೇವಕರು ಕಾವೇರಿಯಿಂದ ಹೊರತೆಗೆಯುತ್ತಿರುವ ಬಟ್ಟೆ ಮತ್ತು ಕಸದ ವಿಲೇವಾರಿಗೆ ವ್ಯವಸ್ಥೆ ಮಾಡುವಂತೆ ಹಾಗೂ ಅವು ನದಿಗೆ ಸೇರದಂತೆ ದಡದಲ್ಲಿಯೇ ತಡೆಯುವಂತೆ ಕೋರಿ.

ಮಾನ್ಯರೇ,

ಕಳೆದ ಮುಂಗಾರಿನಲ್ಲಿ ಕನ್ನಂಬಾಡಿ ಕಟ್ಟೆಯ (ಕೆಆರ್‌ಎಸ್ ಅಣೆಕಟ್ಟೆಯ) ಬಾಗಿಲು ತೆರೆದ ರಾತ್ರಿ, ಶ್ರೀರಂಗಪಟ್ಟಣದ ಪಶ್ಚಿಮವಾಹಿನಿ ಸ್ನಾನಘಟ್ಟದ ದಡದಲ್ಲಿ ನಾವು ಎರಡು ಭಾನುವಾರ ಸೊಂಟದವರೆಗೆ ನೀರಿಗಿಳಿದು ಎಳೆದು ತೆಗೆದು ಗುಡ್ಡೆ ಹಾಕಿದ್ದ ಬಟ್ಟೆಯ ಮೂಟೆಗಳೆಲ್ಲ ಮತ್ತೆ ಹೊಳೆಯ ಪಾಲಾದವು. ಬೆಳಗ್ಗೆ ಹೋಗಿ ನೋಡಿದರೆ ಗುಡ್ಡೆಯಿದ್ದ ಜಾಗದಲ್ಲಿ ಕೆಂಪು ನೀರು ಸುತ್ತುತ್ತಿತ್ತು. ಒಂದು ಮೂಟೆಗೆ ಕಟ್ಟಿದ್ದ ಹಗ್ಗ ಮಾತ್ರ ಮೆಟ್ಟಿಲಿನ ಕಬ್ಬಿಣದ ಕಂಬಿಗೆ ಸಿಕ್ಕಿಕೊಂಡು ಪ್ರವಾಹದಲ್ಲಿ ಅಲ್ಲಾಡುತ್ತಿತ್ತು. ಈ ಮೂಟೆಗಳನ್ನು ಸಾಗಿಸಿಕೊಡಿ ಎಂದು ಕೇಳಿಕೊಳ್ಳಲು ನಾವು ಅದಕ್ಕೆ ಮೊದಲೇ ಒಂದು ಕಚೇರಿಗೆ ಎರಡು ಸಲ ಹೋಗಿದ್ದೆವು. ಅಲ್ಲಿಯವರು ಇನ್ನೊಂದು ಕಚೇರಿಯ ಕಡೆ ಕೈ ತೋರಿಸಿದರು. ಅಲ್ಲಿಗೆ ಹೋದಾಗ ನದಿಯ ದಡ ತಮ್ಮ ವ್ಯಾಪ್ತಿಗೆ ಬರುವುದಿಲ್ಲವೆಂಬ ಉತ್ತರ ಸಿಕ್ಕಿತು. ಅಲ್ಲಿ ನಮ್ಮೊಡನೆ ಮಾತನಾಡಿದ ನೌಕರರು ಸೌಜನ್ಯದಿಂದಲೇ ನಡೆದುಕೊಂಡರು, ಕುರ್ಚಿ ಕೊಟ್ಟು ಕೂರಿಸಿದರು. ಅವರ ಕೈಯಲ್ಲಿ ಅಧಿಕಾರವಿರಲಿಲ್ಲ ಎಂಬುದು ನಮಗೂ ಅರ್ಥವಾಯಿತು. ಅಧಿಕಾರ ಯಾರ ಕೈಯಲ್ಲಿದೆ ಎಂಬುದು ಇಂದಿಗೂ ಅರ್ಥವಾಗದ ಕಾರಣ, ಈ ಎಲ್ಲ ಕಚೇರಿಗಳನ್ನೂ ಒಂದೇ ಮೇಜಿನ ಸುತ್ತ ಕೂರಿಸಬಲ್ಲ ತಮಗೆ ಈ ಪತ್ರವನ್ನು ಬರೆಯುತ್ತಿದ್ದೇವೆ. ಘಟ್ಟಕ್ಕೆ ಬರುವ ಜನರೂ ಇದನ್ನು ಓದಲಿ ಎಂಬ ಆಸೆಯಿಂದ ಬಹಿರಂಗವಾಗಿ ಬರೆದಿದ್ದೇವೆ.

ನಮ್ಮದು ನೋಂದಾಯಿತ ಸಂಘವಲ್ಲ. ಪಟ್ಟಣದವರು, ಗಂಜಾಂನವರು, ಪಾಲಹಳ್ಳಿಯವರು, ಮೈಸೂರಿನಿಂದ ಬೆಳಗಿನ ಬಸ್ಸಿನಲ್ಲಿ ಬರುವ ಕೆಲವು ಕಾಲೇಜು ಹುಡುಗ ಹುಡುಗಿಯರು, ಒಬ್ಬ ನಿವೃತ್ತ ಶಾಲಾ ಶಿಕ್ಷಕರು, ಇಬ್ಬರು ಆಟೊ ಓಡಿಸುವವರು, ತೆಪ್ಪ ಹಾಕುವ ಒಬ್ಬ ಹಿರಿಯರು. ಹೀಗೆ ಸೇರಿಕೊಂಡವರು ಭಾನುವಾರ ಬೆಳಗ್ಗೆ ಆರು ಗಂಟೆಗೆ ಘಟ್ಟದಲ್ಲಿರುತ್ತೇವೆ. ದೋಟಿ, ಕುಡುಗೋಲು, ಹಗ್ಗ, ಗೋಣಿಚೀಲ ಇಷ್ಟೇ ನಮ್ಮ ಸಾಮಗ್ರಿ. ಬಿಸಿಲೇರುವ ಹೊತ್ತಿಗೆ, ಅಂದರೆ ಒಂಬತ್ತೂವರೆ ಹತ್ತರ ಸುಮಾರಿಗೆ, ಕೆಲಸ ನಿಲ್ಲಿಸಿ ಅವರವರ ಮನೆಗೆ ಹೋಗುತ್ತೇವೆ.

ನೀರು ಕುಡಿದ ಸೀರೆಯೊಂದನ್ನು ಹೊಳೆಯಿಂದ ತೆಗೆಯುವುದೆಂದರೇನು ಎಂಬುದನ್ನು ತಮ್ಮ ಗಮನಕ್ಕೆ ತರಬೇಕಾಗಿದೆ, ಏಕೆಂದರೆ ದಡದ ಮೇಲೆ ನಿಂತು ನೋಡಿದರೆ ಇದು ಕಾಣಿಸುವುದಿಲ್ಲ. ಐದೂವರೆ ಮೀಟರ್ ಉದ್ದದ ಬಟ್ಟೆ ನೀರಿನೊಳಗೆ ಬಿಡಿಸಿಕೊಂಡು ಹೋಗಿ ದಡದ ಹೊಳೆಮತ್ತಿ ಮರದ ಬೇರುಗಳಿಗೆ ಸುತ್ತಿಕೊಂಡಿರುತ್ತದೆ. ಅದರ ಮೇಲೆ ಇನ್ನೊಂದು ಪಂಚೆ, ಅದರ ಮೇಲೆ ಒಂದು ಟವೆಲು, ಮತ್ತೊಂದು ಸೀರೆ. ಒಂದನ್ನು ಎಳೆದರೆ ನಾಲ್ಕು ಬಿಗಿಯುತ್ತವೆ. ಎಳೆದು ಸಾಕಾದ ಮೇಲೆ ಒಬ್ಬರು ಮುಳುಗಿ, ಕೈಯಲ್ಲೇ ಬೇರನ್ನು ತಡವಿ, ಬೇರಿಗೆ ಗಾಯವಾಗದಂತೆ ಕುಡುಗೋಲಿನಿಂದ ಗಂಟನ್ನು ಕೊಯ್ಯಬೇಕು. ಮೇಲೆ ಬಂದ ಬಟ್ಟೆಯ ಮಡಿಕೆಗಳಲ್ಲಿ ಮರಳು, ಬೋಳಿಸಿದ ಕೂದಲು, ಅರಿಶಿನ ಕುಂಕುಮದ ಪ್ಲಾಸ್ಟಿಕ್ ಪೊಟ್ಟಣ, ಶಾಂಪೂ ಪ್ಯಾಕೆಟ್, ಸತ್ತ ಮೀನಿನ ಮರಿ ಇರುತ್ತವೆ. ತಳದಲ್ಲಿದ್ದ ಹತ್ತಿಯ ಬಟ್ಟೆ ಕಪ್ಪಾಗಿ, ಕೈಯಲ್ಲಿ ಹಿಡಿದರೆ ಕೆಸರಿನಂತೆ ಹಿಸುಕಿಹೋಗುತ್ತದೆ. ಪಾಲಿಯೆಸ್ಟರ್ ಸೀರೆಯಾದರೋ ಎಷ್ಟು ಕಾಲ ಕೆಳಗಿದ್ದರೂ ಅದರ ಬಣ್ಣ ಬಣ್ಣವಾಗಿಯೇ, ಅಂಚು ಅಂಚಾಗಿಯೇ ಉಳಿದಿರುತ್ತದೆ. ಪಾಲಿಯೆಸ್ಟರ್ ಎಂಬುದು ನೀರಿನ ಬಾಟಲಿ ತಯಾರಿಸುವ ಪ್ಲಾಸ್ಟಿಕ್ಕಿನದೇ ನೂಲು. ಅದು ಕೊಳೆಯುವುದಿಲ್ಲ, ಎಳೆಎಳೆಯಾಗಿ ಸವೆದು ನೀರಿನಲ್ಲಿ ಬೆರೆಯುತ್ತದೆ, ಅಷ್ಟೆ. ಒಮ್ಮೆ ಅಂಥದೊಂದು ಹಸಿರು ಸೀರೆಯ ಸೆರಗಿನಲ್ಲಿ ಪಿನ್ನು ಹಾಕಿದ್ದು ಹಾಕಿದಂತೆಯೇ ಇತ್ತು. ಯಾರೋ ತಾಯಿ ಉಡುತ್ತಿದ್ದ ಸೀರೆ. ನಮ್ಮೊಡನಿದ್ದ ಹುಡುಗಿಯೊಬ್ಬಳು ಆ ಪಿನ್ನನ್ನು ಬಿಚ್ಚಿ, ಏನು ಮಾಡಬೇಕೆಂದು ತೋಚದೆ, ಬಹಳ ಹೊತ್ತು ಕೈಯಲ್ಲೇ ಹಿಡಿದುಕೊಂಡು ನಿಂತಿದ್ದಳು.

ಇಲ್ಲಿಗೆ ಬರುವ ಜನರ ಬಗ್ಗೆ ನಮಗೆ ಕೋಪವಿಲ್ಲ. ಪಶ್ಚಿಮವಾಹಿನಿಯಲ್ಲಿ ಕಾವೇರಿ ತನ್ನ ದಿಕ್ಕನ್ನು ಬದಲಿಸಿ ಸ್ವಲ್ಪ ದೂರ ಪಶ್ಚಿಮಕ್ಕೆ ಹರಿಯುತ್ತಾಳೆಂಬ ಕಾರಣಕ್ಕೆ ಅಸ್ಥಿ ವಿಸರ್ಜನೆಗೆ ಇದು ಶ್ರೇಷ್ಠವಾದ ಜಾಗವೆಂದು ತಲೆಮಾರುಗಳಿಂದ ನಂಬಲಾಗಿದೆ. 1948ರ ಫೆಬ್ರವರಿಯಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಒಂದು ಭಾಗವನ್ನು ಬಿಟ್ಟದ್ದೂ ಇಲ್ಲಿಯೇ. ನಮ್ಮ ಮನೆಗಳ ಹಿರಿಯರ ಬೂದಿಯನ್ನೂ ಇದೇ ನೀರಿನಲ್ಲಿ ಬಿಟ್ಟಿದ್ದೇವೆ, ಮುಂದೆ ನಮ್ಮದೂ ಇಲ್ಲಿಯೇ ಸೇರಲಿ ಎಂಬುದು ನಮ್ಮಲ್ಲಿ ಅನೇಕರ ಇಚ್ಛೆ. ಒಂದು ಕುಡಿಕೆಯ ಬೂದಿಯನ್ನು ಹೊಳೆ ತಾಳಿಕೊಳ್ಳುತ್ತದೆ. ಮೂಳೆಯ ಬೂದಿ ಬಹುಪಾಲು ಕ್ಯಾಲ್ಸಿಯಂ ಮತ್ತು ರಂಜಕ, ಹರಿಯುವ ನೀರಿನಲ್ಲಿ ಅದು ಚದುರಿಹೋಗುತ್ತದೆ. ಬೂದಿಯ ಜೊತೆಗೆ ಉಟ್ಟ ಬಟ್ಟೆ, ತೀರಿಕೊಂಡವರ ಹಾಸಿಗೆ ದಿಂಬು, ಗಾಜಿನ ಚೌಕಟ್ಟಿನ ಫೋಟೊ, ಔಷಧಿಯ ಚೀಲ ಇವೆಲ್ಲವೂ ನೀರಿಗೇ ಹೋಗಬೇಕೆಂಬ ರೂಢಿ ಎಲ್ಲಿಂದ ಬಂದಿತೋ ತಿಳಿಯದು. ಆ ಫೋಟೊಗಳ ಗಾಜು ತಗುಲಿ ನಮ್ಮಲ್ಲಿ ಮೂವರ ಅಂಗಾಲು ಸೀಳಿದೆ.

ಕಳೆದ ಮುಂಗಾರಿನ ಆ ರಾತ್ರಿಗೆ ಮುಂಚೆ ಮದ್ದೂರು ಕಡೆಯ ಕುಟುಂಬವೊಂದು ತಂದೆಯ ಬೂದಿ ಬಿಡಲು ಬಂದಿತ್ತು. ಕಾರ್ಯ ಮುಗಿಸಿ ಮುಳುಗು ಹಾಕಿದ ಹಿರಿಯ ಮಗ ಒದ್ದೆ ಪಂಚೆಯನ್ನು ಬಿಚ್ಚಿ ನೀರಿಗೆ ಹಾಕಲು ಹೊರಟಾಗ ನಮ್ಮ ತೆಪ್ಪದ ಹಿರಿಯರು ಹತ್ತಿರ ಹೋಗಿ, "ಬೂದಿ ಬುಟ್ಟಾಯ್ತಲ್ಲ ಮಗ, ಅದನ್ನ ಹೊಳೆ ತಕ್ಕತ್ತದೆ. ಬಟ್ಟೆ ಬ್ಯಾಡ ಕನಪ್ಪ, ಅದು ಹೊಳೇಗೆ ಅರಗಾಕಿಲ್ಲ" ಎಂದರು. ಆತ ಪುರೋಹಿತರ ಮುಖ ನೋಡಿದರು. ಮೈಲಿಗೆ ಬಟ್ಟೆಯನ್ನು ದಡದ ಮೇಲೆ ಬಿಟ್ಟು ಹೋದರೂ ಸಾಕು, ನೀರಿಗೇ ಹಾಕಬೇಕೆಂದೇನಿಲ್ಲ ಎಂದು ಅವರೂ ಹೇಳಿದರು. ಆತ ಪಂಚೆಯನ್ನು ಹಿಂಡಿ, ನಾಲ್ಕು ಮಡಿಕೆ ಮಾಡಿ, ನನ್ನ ಹತ್ತಿರ ಬಂದು ಕೇಳಿದರು: "ಇದನ್ನ ಎಲ್ಲಿ ಹಾಕ್ಲಿ ಅಣ್ಣ?"

ಮಾನ್ಯರೇ, ನನಗೆ ಉತ್ತರ ಗೊತ್ತಿರಲಿಲ್ಲ. ಘಟ್ಟದಲ್ಲಿ ಒಂದು ತೊಟ್ಟಿಯಿರಲಿಲ್ಲ, ಬುಟ್ಟಿಯಿರಲಿಲ್ಲ, ಇಲ್ಲಿ ಹಾಕಿ ಎಂದು ಬರೆದ ಒಂದು ಫಲಕವಿರಲಿಲ್ಲ. ಹೊಳೆಗೆ ಹಾಕಬೇಡಿ ಎಂದು ಕೈ ಮುಗಿದು ಕೇಳುವ ನಾವು, ಆ ಮಾತನ್ನು ಒಪ್ಪಿದ ಮನುಷ್ಯನಿಗೆ ಬೇರೊಂದು ಜಾಗವನ್ನು ತೋರಿಸಲಾಗದೆ ಹೋದೆವು. ಪಂಚೆಯನ್ನು ನಾನೇ ಇಸಿದುಕೊಂಡು ಗೋಣಿಚೀಲಕ್ಕೆ ಹಾಕಿದೆ. ಕಟ್ಟೆಯ ಬಾಗಿಲು ತೆರೆದು ನೀರೇರಿದ ಆ ರಾತ್ರಿ ಹೋದ ಮೂಟೆಗಳಲ್ಲಿ ಆ ಪಂಚೆಯೂ ಇತ್ತು. ಆ ಮಗನಿಗೆ ನಾವು ಕೊಟ್ಟ ಮಾತು ಹುಸಿಯಾಯಿತು ಎಂಬ ಸಂಕಟವೇ ಈ ಪತ್ರಕ್ಕೆ ಕಾರಣವೆಂದರೂ ತಪ್ಪಾಗದು.

ಕಾವೇರಿಯ ಈ ಭಾಗ ಕೆಟ್ಟಿದೆ ಎಂಬುದು ನಮ್ಮ ಕಣ್ಣಂದಾಜಿನ ಮಾತಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು 2018ರಲ್ಲಿ ದೇಶದಲ್ಲಿ 351 ಕಲುಷಿತ ನದಿ ಭಾಗಗಳನ್ನು ಗುರುತಿಸಿದಾಗ ಅವುಗಳಲ್ಲಿ 17 ಕರ್ನಾಟಕದವಾಗಿದ್ದವು. ರಂಗನತಿಟ್ಟಿನಿಂದ ಕೆಳಗಿನ ಕಾವೇರಿ, ನಂಜನಗೂಡಿನ ಬಳಿಯ ಕಬಿನಿ, ಹುಣಸೂರಿನ ಬಳಿಯ ಲಕ್ಷ್ಮಣತೀರ್ಥ ಮತ್ತು ನಮ್ಮ ಶಿಂಷಾ ನಾಲ್ಕೂ ಆ ಪಟ್ಟಿಯಲ್ಲಿದ್ದವು. ಅಂದರೆ ಮೈಸೂರು ಮತ್ತು ಮಂಡ್ಯದ ಜನ ತಮ್ಮದೆಂದು ಹೇಳಿಕೊಳ್ಳುವ ಹೊಳೆಗಳಲ್ಲಿ ಬಹುಪಾಲು. ಆ ಪಟ್ಟಿಗೆ ಅಳತೆಗೋಲು ಬಿಒಡಿ, ಅಂದರೆ ನೀರಿನಲ್ಲಿರುವ ಕೊಳೆಯನ್ನು ಸೂಕ್ಷ್ಮಜೀವಿಗಳು ಕೊಳೆಸುವಾಗ ಬಳಸಿಕೊಳ್ಳುವ ಆಮ್ಲಜನಕದ ಪ್ರಮಾಣ. ಸ್ನಾನಕ್ಕೆ ಯೋಗ್ಯವಾದ ನೀರಿನಲ್ಲಿ ಅದು ಲೀಟರಿಗೆ 3 ಮಿಲಿಗ್ರಾಂ ಮೀರಬಾರದು, ನೀರಿನಲ್ಲಿ ಕರಗಿರುವ ಆಮ್ಲಜನಕ 5 ಮಿಲಿಗ್ರಾಂಗೆ ಕಡಿಮೆಯಾಗಬಾರದು ಎಂಬುದು ನಿಯಮ. ಕೊಳೆ ಹೆಚ್ಚಿದಷ್ಟೂ ಮೀನಿಗೆ ಸಿಗಬೇಕಾದ ಆಮ್ಲಜನಕವನ್ನು ಕೊಳೆಯೇ ನುಂಗುತ್ತದೆ. ಪುಣ್ಯಸ್ನಾನಕ್ಕೆಂದು ದೂರದ ಊರುಗಳಿಂದ ಬಂದು, ಹಸುಗೂಸಿನ ತಲೆಗೂ ಈ ನೀರನ್ನು ಪ್ರೋಕ್ಷಿಸುವ ತಾಯಂದಿರಿಗೆ ಇಂದಿನ ನೀರು ಹೇಗಿದೆ ಎಂದು ಹೇಳುವವರು ಘಟ್ಟದಲ್ಲಿ ಯಾರೂ ಇಲ್ಲ.

ಬಟ್ಟೆಯ ಮಾತನ್ನೇ ಇಷ್ಟು ಹೊತ್ತು ಆಡಿದೆ, ಏಕೆಂದರೆ ದೋಟಿಗೆ ಸಿಗುವುದು ಅದು. ಬಿಒಡಿಯನ್ನು ಏರಿಸುವ ಮುಖ್ಯ ಕಾರಣವಾದ ಚರಂಡಿ ನೀರು ದೋಟಿಗೆ ಸಿಗುವುದಿಲ್ಲ. ನಾವು ಕೆಲಸ ಮಾಡುವ ಮೆಟ್ಟಿಲುಗಳಿಂದ ಕೂಗಳತೆಯ ದೂರದಲ್ಲೇ ಚರಂಡಿಯೊಂದರ ಬಾಯಿ ನದಿಗೆ ತೆರೆದುಕೊಂಡಿದೆ. ಬೆಳಗ್ಗೆ ಏಳರಿಂದ ಎಂಟರ ನಡುವೆ, ಊರಿನ ಮನೆಗಳಲ್ಲಿ ಸ್ನಾನ, ಪಾತ್ರೆ ತೊಳೆಯುವ ಕೆಲಸ ನಡೆಯುವ ಹೊತ್ತಿಗೆ, ಅದರಿಂದ ಬೂದುಬಣ್ಣದ ನೀರು ನೊರೆಯೊಡನೆ ಇಳಿಯುವುದನ್ನು ನಾವು ಪ್ರತಿ ವಾರವೂ ನೋಡುತ್ತೇವೆ. ಅದರ ಬಾಯಿಯ ಸುತ್ತ ಅಂತರಗಂಗೆ ಎಂಬ ನೀರಿನ ಕಳೆ ದಟ್ಟವಾಗಿ ಹಬ್ಬಿದೆ. ಅಂತರಗಂಗೆಯನ್ನು ಎರಡು ಸಲ ಕಿತ್ತು ಹಾಕಿದೆವು. ಅದಕ್ಕೆ ಗೊಬ್ಬರವಾಗುವ ನೀರು ನಿಲ್ಲದೆ ಕೀಳುವುದರಿಂದ ಪ್ರಯೋಜನವಿಲ್ಲವೆಂದು ಮೂರನೆಯ ಸಲ ಕೈಬಿಟ್ಟೆವು. 1974ರ ಜಲ ಮಾಲಿನ್ಯ ನಿಯಂತ್ರಣ ಕಾಯ್ದೆಯ 24ನೇ ಕಲಮು ಕೊಳಕನ್ನು ನದಿಗೆ ಬಿಡುವುದನ್ನೂ, ಗೊತ್ತಿದ್ದು ಬಿಡಲು ಅವಕಾಶ ಕೊಡುವುದನ್ನೂ ನಿಷೇಧಿಸಿದೆ. ಕಾಯ್ದೆಗೆ ಐವತ್ತು ವರ್ಷ ದಾಟಿದೆ.

ಕೆಳಗಿನವರನ್ನೂ ನೆನೆಯಬೇಕು. ನಮ್ಮ ಘಟ್ಟವನ್ನು ದಾಟಿದ ನೀರು, ಶ್ರೀರಂಗಪಟ್ಟಣವನ್ನು ಬಳಸಿ ಹರಿಯುವ ಎರಡೂ ಕವಲು ಸಂಗಮದಲ್ಲಿ ಕೂಡಿ, ತಿರುಮಕೂಡಲು ನರಸೀಪುರದಲ್ಲಿ ಕಬಿನಿಯನ್ನು ಸೇರಿಸಿಕೊಂಡು ಮುಂದೆ ಮಳವಳ್ಳಿ ಸೀಮೆಗೆ ಹೋಗುತ್ತದೆ. ಅಲ್ಲಿ ತೊರೆಕಾಡನಹಳ್ಳಿಯಿಂದ ಬೆಂಗಳೂರಿಗೆ ಕುಡಿಯುವ ನೀರು ಹೋಗುತ್ತದೆ. 2024ರ ಅಕ್ಟೋಬರಿನಲ್ಲಿ ಆರಂಭವಾದ ಐದನೇ ಹಂತವೊಂದೇ ದಿನಕ್ಕೆ 775 ದಶಲಕ್ಷ ಲೀಟರ್ ನೀರನ್ನು ಒಯ್ಯುವ ಯೋಜನೆ. ಕಾವೇರಿಯ ನೀರು ಎಷ್ಟು ಎಂಬ ವಿಚಾರಕ್ಕೆ ನಮ್ಮ ಜಿಲ್ಲೆ ಹೆದ್ದಾರಿಯಲ್ಲಿ ಕುಳಿತಿದೆ, ಲಾಠಿ ಏಟು ತಿಂದಿದೆ, ತಿಂಗಳುಗಟ್ಟಲೆ ಧರಣಿ ನಡೆಸಿದೆ. ಅದು ನ್ಯಾಯವಾದ ಹೋರಾಟ. ಆ ನೀರು ಹೇಗಿದೆ ಎಂಬ ವಿಚಾರಕ್ಕೆ ಅದರ ನೂರರಲ್ಲೊಂದು ಪಾಲು ದನಿಯೂ ಎದ್ದಿಲ್ಲವೆಂಬುದು ನಮ್ಮಂಥವರಿಗೆ ಬಹಳ ನೋವಿನ ಸಂಗತಿ. ನಮ್ಮಿಂದ ಕೆಲವೇ ಕಿಲೋಮೀಟರ್ ಮೇಲಕ್ಕೆ ಇದೇ ಹೊಳೆಯ ನಡುಗಡ್ಡೆಗಳಲ್ಲಿ ರಂಗನತಿಟ್ಟು ಇದೆ. 1940ರಲ್ಲಿ ಪಕ್ಷಿಧಾಮವಾದ, 2022ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸರ್ ಪಟ್ಟಿಗೆ ಸೇರಿದ ಜಾಗ. ಅಲ್ಲಿ ಗೂಡು ಕಟ್ಟುವ ಕೊಕ್ಕರೆಗಳು ಮೀನು ಹುಡುಕಿಕೊಂಡು ನಮ್ಮ ಘಟ್ಟದವರೆಗೂ ಬರುತ್ತವೆ, ಬಟ್ಟೆಯ ಗುಡ್ಡೆಯ ಮೇಲೆಯೇ ನಿಲ್ಲುತ್ತವೆ.

ಸರ್ಕಾರ ಏನೂ ಮಾಡಿಲ್ಲವೆಂದು ನಾವು ಹೇಳುವುದಿಲ್ಲ. 2016ರಲ್ಲೇ ಪ್ಲಾಸ್ಟಿಕ್ ಚೀಲಗಳನ್ನು ರಾಜ್ಯದಲ್ಲಿ ನಿಷೇಧಿಸಲಾಯಿತು. 2025ರ ಮಾರ್ಚ್‌ನಲ್ಲಿ ಅರಣ್ಯ ಮತ್ತು ಪರಿಸರ ಸಚಿವರಾದ ಈಶ್ವರ ಖಂಡ್ರೆಯವರು ತೀರ್ಥಕ್ಷೇತ್ರಗಳ ನದಿ, ಕೆರೆ, ಕಲ್ಯಾಣಿಗಳ 500 ಮೀಟರ್ ವ್ಯಾಪ್ತಿಯಲ್ಲಿ ಸೋಪು, ಶಾಂಪೂ ಮಾರಾಟವನ್ನು ನಿಷೇಧಿಸುವಂತೆ, ಭಕ್ತರು ನದಿಯಲ್ಲಿ ಬಟ್ಟೆ ಬಿಡದಂತೆ ನೋಡಿಕೊಳ್ಳುವಂತೆ ಅಧಿಕಾರಿಗಳಿಗೆ ಸೂಚಿಸಿದರು. ಆ ಸುದ್ದಿಯನ್ನು ಪತ್ರಿಕೆಯಲ್ಲಿ ಓದಿದ ದಿನ ನಮ್ಮ ಗುಂಪಿನಲ್ಲಿ ಹಬ್ಬದ ಸಂಭ್ರಮವಿತ್ತು. ಅದರ ಮುಂದಿನ ಭಾನುವಾರವೂ, ಅದಕ್ಕೆ ಮುಂದಿನ ಭಾನುವಾರವೂ, ಮೆಟ್ಟಿಲಿನಿಂದ ಮೂವತ್ತು ಹೆಜ್ಜೆ ದೂರದ ಪೆಟ್ಟಿಗೆ ಅಂಗಡಿಯಲ್ಲಿ ಶಾಂಪೂ ಪ್ಯಾಕೆಟ್ಟುಗಳ ಸರ ತೂಗುತ್ತಲೇ ಇತ್ತು. ಆ ಅಂಗಡಿಯಾಕೆ ಒಳ್ಳೆಯವರು, ನಮಗೆ ಎಷ್ಟೋ ಸಲ ಪುಕ್ಕಟೆ ಟೀ ಕೊಟ್ಟಿದ್ದಾರೆ. ಮಾರಬಾರದು ಎಂದು ಯಾರೂ ತಮಗೆ ಬಂದು ಹೇಳಿಲ್ಲ, ಹೇಳಿದರೆ ನಾಳೆಯೇ ತೆಗೆಯುತ್ತೇನೆ ಎಂದು ಅವರು ಹೇಳುತ್ತಾರೆ. ನಾವು ಹೇಳಿದರೆ ಅದು ಸಲಹೆ; ಅಧಿಕಾರವಿರುವವರು ಬರೆದುಕೊಟ್ಟರೆ ಮಾತ್ರ ಅದು ಆದೇಶ.

ಇನ್ನೊಂದು ವಿಷಯವನ್ನು ಮನಸ್ಸು ಬಿಚ್ಚಿ ಹೇಳುತ್ತೇನೆ. ಪರಿಸರ ದಿನದ ಆಸುಪಾಸಿನಲ್ಲಿ ಸ್ವಚ್ಛತಾ ಕಾರ್ಯಕ್ರಮಗಳು ನಡೆಯುತ್ತವೆ, ಅತಿಥಿಗಳು ಬರುತ್ತಾರೆ, ನಮ್ಮಂಥ ಸ್ವಯಂಸೇವಕರನ್ನು ಹೊಗಳುತ್ತಾರೆ. ಹೊಗಳಿಕೆಯಿಂದ ಸಂತೋಷವಾಗುವುದು ಸಹಜ. ಆದರೆ ಕಾಲ ಕಳೆದಂತೆ, ಹುಡುಗರು ಹೇಗೂ ಎತ್ತುತ್ತಾರೆ ಎಂಬ ಭಾವನೆ ಹೊಣೆ ಹೊತ್ತವರಲ್ಲಿ ಬೆಳೆಯುತ್ತಿದೆಯೇನೋ ಎಂಬ ಭಯ ನಮಗಿದೆ. ಘಟ್ಟಕ್ಕೆ ಬರುವ ಒಬ್ಬರು ಬಟ್ಟೆಯನ್ನು ನೀರಿಗೆ ಬಿಡುತ್ತ, "ನೀವಿದ್ದೀರಲ್ಲ ತೆಗೆಯಕ್ಕೆ" ಎಂದು ನಮಗೇ ಹೇಳಿದ್ದುಂಟು. ನದಿಗಳನ್ನು ಕಾಪಾಡುವುದು ನಾಗರಿಕರ ಮೂಲಭೂತ ಕರ್ತವ್ಯವೆಂದು ಸಂವಿಧಾನದ 51ಎ ವಿಧಿ ಹೇಳುತ್ತದೆ, ಅದನ್ನು ತಿಳಿದೇ ನಾವು ನೀರಿಗಿಳಿಯುತ್ತೇವೆ. ನಾಗರಿಕರ ಕರ್ತವ್ಯ ಆಡಳಿತದ ಕರ್ತವ್ಯಕ್ಕೆ ಬದಲಿಯಾಗಬಾರದು. ದಿನವಿಡೀ ನೀರಿಗೆ ಬೀಳುವುದನ್ನು ವಾರಕ್ಕೆ ಮೂರೂವರೆ ಗಂಟೆ ಕೆಲಸ ಮಾಡುವ ಇಪ್ಪತ್ತು ಜನ ತೆಗೆದು ಮುಗಿಸುವುದು ಸಾಧ್ಯವೇ ಇಲ್ಲ.

ಆದ್ದರಿಂದ ತಮ್ಮಲ್ಲಿ ನಮ್ಮ ಮೊದಲ ಕೋರಿಕೆ, ಮಿಕ್ಕೆಲ್ಲವೂ ತಡವಾದರೂ ತಡವಾಗಬಾರದ ಕೋರಿಕೆ, ಬಟ್ಟೆಗೊಂದು ಜಾಗ. ನೀರಿಗಿಳಿಯುವ ಮೆಟ್ಟಿಲಿಗೆ ಮುಂಚೆಯೇ, ಪ್ರವಾಹದ ಮಟ್ಟಕ್ಕಿಂತ ಎತ್ತರದಲ್ಲಿ, ಕಬ್ಬಿಣದ ಜಾಲರಿಯ ದೊಡ್ಡ ತೊಟ್ಟಿಗಳನ್ನು ಇರಿಸಬೇಕು. ಅದು ಕಸದ ತೊಟ್ಟಿಯಂತೆ ಕಾಣಬಾರದು. ತಂದೆ ತಾಯಿಯ ಬಟ್ಟೆಯನ್ನು ಯಾರೂ ಕಸದ ತೊಟ್ಟಿಗೆ ಎಸೆಯಲಾರರು. ಚೊಕ್ಕಟವಾಗಿ, ಮೇಲೆ ಚಾವಣಿಯಿದ್ದು, "ಹಿರಿಯರ ವಸ್ತ್ರಗಳನ್ನು ಇಲ್ಲಿ ಒಪ್ಪಿಸಿ" ಎಂದು ಕನ್ನಡದಲ್ಲಿ ಗೌರವದಿಂದ ಬರೆದಿದ್ದರೆ ಜನ ಖಂಡಿತವಾಗಿ ಅಲ್ಲಿಗೆ ತರುತ್ತಾರೆ ಎಂಬುದು ಆ ಮದ್ದೂರಿನ ಮಗನನ್ನು ಕಂಡ ಮೇಲೆ ನಮಗಿರುವ ನಂಬಿಕೆ. ಆ ತೊಟ್ಟಿಗಳಲ್ಲಿನ ಬಟ್ಟೆಯನ್ನು, ಜೊತೆಗೆ ನಾವು ನೀರಿನಿಂದ ತೆಗೆದ ಮೂಟೆಗಳನ್ನು ಒಯ್ಯಲು ವಾರಕ್ಕೊಮ್ಮೆ ಒಂದು ಟ್ರ್ಯಾಕ್ಟರ್ ಬರಬೇಕು. ಅದು ಯಾವ ಕಚೇರಿಯ ಹೊಣೆ, ಯಾವ ದಿನ, ಬಾರದಿದ್ದರೆ ಯಾರನ್ನು ಕೇಳಬೇಕು ಎಂಬುದನ್ನು ತಾವು ಲಿಖಿತ ಆದೇಶದಲ್ಲಿ ಹೇಳಬೇಕು. ಬಟ್ಟೆ ಹೊರುವ ಪೌರಕಾರ್ಮಿಕರಿಗೆ ಕೈಗವಸು, ಬೂಟು ಕೊಡದೆ ಈ ಕೆಲಸವನ್ನು ಹಚ್ಚಬಾರದು ಎಂಬುದನ್ನೂ ಅದರಲ್ಲಿಯೇ ಸೇರಿಸಬೇಕೆಂದು ವಿನಂತಿ.

ಪುರೋಹಿತರನ್ನು, ಕ್ಷೌರದ ಕೆಲಸದವರನ್ನು, ಪೂಜಾ ಸಾಮಗ್ರಿ ಮಾರುವವರನ್ನು ತಾವು ಒಮ್ಮೆ ಕರೆದು ಮಾತನಾಡಿಸಬೇಕು. ದುಃಖದಲ್ಲಿರುವ ಕುಟುಂಬ ನಮ್ಮ ಮಾತಿಗಿಂತ ಪುರೋಹಿತರ ಮಾತನ್ನು ಕೇಳುತ್ತದೆ. ಸಂಕಲ್ಪ ಹೇಳಿಸುವಾಗಲೇ ಬಟ್ಟೆಯ ವಿಷಯವನ್ನು ಒಂದು ಮಾತು ಹೇಳಿದರೆ ಅರ್ಧ ಕೆಲಸ ಮುಗಿಯುತ್ತದೆ, ಮತ್ತು ಹಾಗೆ ಹೇಳಲು ಸಿದ್ಧರಿರುವ ಪುರೋಹಿತರು ಘಟ್ಟದಲ್ಲಿ ಈಗಾಗಲೇ ಇದ್ದಾರೆ. 500 ಮೀಟರಿನ ಸೂಚನೆಯನ್ನು ಅಂಗಡಿಗಳಿಗೆ ಬರಹದಲ್ಲಿ ತಲುಪಿಸಬೇಕು. ದಂಡಕ್ಕಿಂತ ಮೊದಲು ತಿಳಿವಳಿಕೆ ಕೊಡಲಿ. ಆ ಅಂಗಡಿಗಳಲ್ಲಿ ಬದಲಿಗೆ ಏನು ಮಾರಬಹುದು ಎಂದು ಅವರೊಡನೆ ಕೂತು ಯೋಚಿಸಲಿ, ಅವರ ಹೊಟ್ಟೆಪಾಡೂ ನಡೆಯಬೇಕು.

ಚರಂಡಿಯ ವಿಷಯ ದೊಡ್ಡ ಖರ್ಚಿನದು, ಒಂದು ವಾರದಲ್ಲಿ ಆಗುವಂಥದ್ದಲ್ಲ ಎಂಬ ಅರಿವು ನಮಗಿದೆ. ನಾವು ಕೇಳುವುದು ಒಂದು ದಿನಾಂಕವನ್ನು. ನದಿಗೆ ಬೀಳುವ ಚರಂಡಿಗಳೆಷ್ಟು, ಯಾವುದನ್ನು ಯಾವ ತಿಂಗಳಿನೊಳಗೆ ತಡೆದು ಶುದ್ಧೀಕರಣ ಘಟಕಕ್ಕೆ ತಿರುಗಿಸಲಾಗುವುದು ಎಂಬುದನ್ನು ಘಟ್ಟದಲ್ಲಿ ಫಲಕದ ಮೇಲೆ ಬರೆಸಿ ಹಾಕಬೇಕು. ಅದೇ ಫಲಕದ ಇನ್ನೊಂದು ಬದಿಯಲ್ಲಿ ಪ್ರತಿ ತಿಂಗಳ ನೀರಿನ ಪರೀಕ್ಷೆಯ ಫಲಿತಾಂಶವನ್ನು, ಸ್ನಾನಕ್ಕೆ ಯೋಗ್ಯವೋ ಅಲ್ಲವೋ ಎಂಬ ಒಂದು ಸಾಲಿನ ಸಮೇತ, ಎಲ್ಲರಿಗೂ ಅರ್ಥವಾಗುವ ಕನ್ನಡದಲ್ಲಿ ಪ್ರಕಟಿಸಬೇಕು.

ಅಣೆಕಟ್ಟೆಯಿಂದ ನೀರು ಬಿಡುವ ಮುನ್ಸೂಚನೆ ನೀರಿನೊಳಗೆ ಇರುವ ನಮಗೂ ನೇರವಾಗಿ ತಲುಪಲಿ ಎಂಬುದೂ ಒಂದು ಕೋರಿಕೆ. ನಾಲ್ಕು ಲೈಫ್ ಜಾಕೆಟ್ ದೊರೆತರೆ ಉಪಕಾರವಾಗುತ್ತದೆ. ಹಣ ನಮಗೆ ಬೇಡ.

ನಮ್ಮ ಕಡೆಯಿಂದ ಆಗುವುದನ್ನೂ ಹೇಳಿಬಿಡುತ್ತೇವೆ. ತೊಟ್ಟಿಗಳು ಬಂದರೆ ಮಹಾಲಯ ಅಮಾವಾಸ್ಯೆಯಂಥ ಜನಜಂಗುಳಿಯ ದಿನಗಳಲ್ಲಿ ಬೆಳಗಿನಿಂದ ಸಂಜೆಯವರೆಗೆ ಸರದಿಯಂತೆ ಮೆಟ್ಟಿಲಿನ ಬಳಿ ನಿಂತು ಜನರಿಗೆ ದಾರಿ ತೋರಿಸುತ್ತೇವೆ. ಗಂಜಾಂ ನಿಮಿಷಾಂಬ ದೇವಸ್ಥಾನದ ಬಳಿಯ ಘಟ್ಟ ಮತ್ತು ಸಂಗಮದಲ್ಲಿಯೂ ಇದೇ ವ್ಯವಸ್ಥೆಯಾದರೆ ಅಲ್ಲಿಗೂ ಹೋಗುತ್ತೇವೆ. ಬೇರುಗಳಿಗೆ ಸುತ್ತಿಕೊಂಡಿರುವ ಹಳೆಯ ಬಟ್ಟೆಯನ್ನು ತೆಗೆಯುವ ಕೆಲಸ ಯಾವ ಯಂತ್ರದಿಂದಲೂ ಆಗುವುದಿಲ್ಲ, ಯಂತ್ರ ಇಳಿಸಿದರೆ ಬೇರು ಸಮೇತ ದಡವೇ ಕಿತ್ತುಬರುತ್ತದೆ. ಅದನ್ನು ಕೈಯಿಂದಲೇ ಮಾಡಬೇಕು, ನಾವು ಮಾಡುತ್ತೇವೆ.

ಈ ಪತ್ರ ಬರೆಯುವ ಹೊತ್ತಿಗೆ ದಡದ ಮೇಲೆ ಹನ್ನೊಂದು ಮೂಟೆಗಳಿವೆ. ಹೋದ ಸಲದ ಅನುಭವದಿಂದ ಅವುಗಳನ್ನು ಮೇಲಿನ ಮೆಟ್ಟಿಲಿಗೆ ಹೊತ್ತು, ಕಂಬಿಗೆ ಎರಡು ಸುತ್ತು ಹಗ್ಗ ಹಾಕಿ ಕಟ್ಟಿದ್ದೇವೆ. ಕೊಡಗಿನಲ್ಲಿ ಮಳೆ ಹಿಡಿದು ಕಟ್ಟೆಗೆ ಒಳಹರಿವು ಏರುವ ಮೊದಲು ಅವು ಅಲ್ಲಿಂದ ಹೋಗಬೇಕು. ಬರುವ ಭಾನುವಾರ ಒಂದು ಟ್ರ್ಯಾಕ್ಟರನ್ನು, ಅದರೊಡನೆ ಈ ವಿಷಯವನ್ನು ನಿರ್ಧರಿಸುವ ಅಧಿಕಾರವಿರುವ ಒಬ್ಬರನ್ನು ತಾವು ಕಳಿಸಿಕೊಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇವೆ. ಬೆಳಗ್ಗೆ ಆರಕ್ಕೆ ನಾವು ಅಲ್ಲಿರುತ್ತೇವೆ, ಮೂಟೆಗಳನ್ನು ನಾವೇ ಹೇರಿಕೊಡುತ್ತೇವೆ.

ಇಂತಿ ತಮ್ಮ ವಿಶ್ವಾಸಿ,
ಪಶ್ಚಿಮವಾಹಿನಿಯ ಭಾನುವಾರದ ಸ್ವಯಂಸೇವಕರ ಪರವಾಗಿ,
ಶ್ರೀರಂಗಪಟ್ಟಣ